ಎದುರಾಡದವರ ಒಪ್ಪಿಗೆ

1997ರ ಜುಲೈ 22, ಮಂಗಳವಾರ. ಇಂಗ್ಲೆಂಡಿನ ಸರ್ರೆ ಪ್ರಾಂತದ ಒಂದು ಡೇ ಸೆಂಟರಿನಲ್ಲಿ ನಲವತ್ತೆಂಟರ ಆಸುಪಾಸಿನ ಗಂಡಸೊಬ್ಬರು ಇದ್ದಕ್ಕಿದ್ದಂತೆ ತಲೆಗೆ ಮುಷ್ಟಿಯಿಂದ ಗುದ್ದಿಕೊಳ್ಳತೊಡಗಿದರು, ಗೋಡೆಗೆ ತಲೆ ಚಚ್ಚಿಕೊಂಡರು. ಹುಟ್ಟಿನಿಂದ ಆಟಿಸಂ ಇದ್ದವರು, ಮಾತು ಬಾರದು. ಮನೆಯಲ್ಲಿ ನೋಡಿಕೊಳ್ಳುತ್ತಿದ್ದ ದಂಪತಿಯನ್ನು ಸಂಪರ್ಕಿಸಲು ಸೆಂಟರಿನವರು ಪ್ರಯತ್ನಿಸಿದರು, ಸಿಗಲಿಲ್ಲ. ಹತ್ತಿರದ ವೈದ್ಯರು ಬಂದು ಮಂಪರಿನ ಔಷಧಿ ಕೊಟ್ಟರು. ಅದೂ ಸಾಲದಾದಾಗ ಆಸ್ಪತ್ರೆಯ ತುರ್ತು ವಿಭಾಗಕ್ಕೆ, ಅಲ್ಲಿಂದ ಬೋರ್ನ್‌ವುಡ್ ಆಸ್ಪತ್ರೆಯ ವಾರ್ಡಿಗೆ ಸಾಗಿಸಿದರು. ಅಲ್ಲಿಂದ ಅವರು ಮನೆಗೆ ಮರಳಲು ನಾಲ್ಕೂವರೆ ತಿಂಗಳು ಹಿಡಿಯಿತು.

ನ್ಯಾಯಾಲಯದ ಕಡತಗಳಲ್ಲಿ ಅವರು 'ಎಚ್.ಎಲ್.' ಎಂಬ ಎರಡಕ್ಷರ. ನೋಡಿಕೊಳ್ಳುತ್ತಿದ್ದವರು 'ಶ್ರೀ ಮತ್ತು ಶ್ರೀಮತಿ ಇ.' ಈ ಮೂವರು ಸೇರಿ ಬ್ರಿಟನ್ನಿನ ಕಾನೂನನ್ನೇ ಬದಲಿಸಿಬಿಟ್ಟರು. ಆಟಿಸಂ ಇರುವವರ ಪರವಾಗಿ ಯಾರು ಮಾತಾಡಬೇಕು, ಯಾರ ಸಂಬಳ ತಿನ್ನುವವರು ಮಾತಾಡಬಾರದು ಎಂಬ ಚರ್ಚೆಯನ್ನು ಈ ಕಥೆಯಿಲ್ಲದೆ ಹೇಳುವುದು ಕಷ್ಟ. ಮಾತೇ ಬಾರದ ಒಬ್ಬರ ಮೊಕದ್ದಮೆ ಎಂಬ ಕಾರಣಕ್ಕೆ ಮಾತ್ರವಲ್ಲ, ಇಲ್ಲಿ ಕೆಟ್ಟವರು ಯಾರೂ ಇಲ್ಲ ಎಂಬ ಕಾರಣಕ್ಕೂ ನನಗೆ ಇದು ಮುಖ್ಯವಾಗಿ ಕಾಣುತ್ತದೆ. ಹೊಡೆದವರಿಲ್ಲ, ಉಪವಾಸ ಕೆಡವಿದವರಿಲ್ಲ. ಎಲ್ಲರೂ ಅವರ ಒಳ್ಳೆಯದನ್ನೇ ಬಯಸುತ್ತಿದ್ದರು.

ಎಚ್.ಎಲ್. ಅವರಿಗೆ ಬೋರ್ನ್‌ವುಡ್ ಹೊಸ ಜಾಗವೇನೂ ಆಗಿರಲಿಲ್ಲ. ಹುಡುಗನಾಗಿದ್ದಾಗ ಅಲ್ಲಿ ಸೇರಿದವರು ಮೂವತ್ತು ವರ್ಷಕ್ಕೂ ಮಿಕ್ಕಿ ಅಲ್ಲೇ ಕಳೆದಿದ್ದರು. 1980ರ ದಶಕದಿಂದ ಬ್ರಿಟನ್ ಅಂಥ ದೊಡ್ಡ ಆಸ್ಪತ್ರೆಗಳನ್ನು ಒಂದೊಂದಾಗಿ ಖಾಲಿ ಮಾಡುತ್ತ ಬಂದಿತ್ತು. ಆ ಅಲೆಯಲ್ಲಿ 1994ರ ಮಾರ್ಚ್‌ನಲ್ಲಿ ಇವರನ್ನೂ ಪ್ರಾಯೋಗಿಕವಾಗಿ ಇ. ದಂಪತಿಯ ಮನೆಗೆ ಕಳಿಸಿದರು. ಆ ದಂಪತಿ ಹಣ ಪಡೆದು ಆರೈಕೆ ಮಾಡುವವರು, ರಕ್ತಸಂಬಂಧಿಗಳಲ್ಲ. ಆದರೆ ಮೂರು ವರ್ಷಗಳಲ್ಲಿ ಅದು ಬರೀ ನೌಕರಿಯಾಗಿ ಉಳಿದಿರಲಿಲ್ಲ ಎಂಬುದು ಮುಂದೆ ಅವರು ನಡೆಸಿದ ಹೋರಾಟದಿಂದಲೇ ಗೊತ್ತಾಗುತ್ತದೆ.

ಜುಲೈ 22ರಂದು ಆಸ್ಪತ್ರೆಯ ವೈದ್ಯರ ಮುಂದೆ ಎರಡು ದಾರಿಗಳಿದ್ದವು. ಒಂದು, 1983ರ ಮಾನಸಿಕ ಆರೋಗ್ಯ ಕಾಯ್ದೆಯ ಅಡಿ ಅವರನ್ನು ವಿಧಿವತ್ತಾಗಿ ಬಂಧನದಲ್ಲಿಡುವುದು. ಹಾಗೆ ಮಾಡಿದರೆ ಕಾಗದಪತ್ರ, ಅವಧಿ, ನ್ಯಾಯಮಂಡಳಿಗೆ ಮೇಲ್ಮನವಿಯ ಹಕ್ಕು ಎಲ್ಲವೂ ಹಿಂದೆಯೇ ಬರುತ್ತವೆ. ಇನ್ನೊಂದು, 'ಅನೌಪಚಾರಿಕ ರೋಗಿ'ಯಾಗಿ ಸೇರಿಸಿಕೊಳ್ಳುವುದು, ಅಂದರೆ ಹೊಟ್ಟೆನೋವಿಗೆ ನೀವೋ ನಾನೋ ಆಸ್ಪತ್ರೆ ಸೇರುವ ಹಾಗೆ. ವೈದ್ಯರು ಎರಡನೆಯದನ್ನು ಆರಿಸಿದರು. ಅವರು ಕೊಟ್ಟ ಕಾರಣ ಸರಳ: ರೋಗಿ ಎದುರಾಡಲಿಲ್ಲ, ಓಡಿಹೋಗಲು ನೋಡಲಿಲ್ಲ. ಓಡಿಹೋಗಲು ನೋಡಿದ್ದರೆ ಬಂಧನದ ಆದೇಶ ಮಾಡುತ್ತಿದ್ದೆವು ಎಂದೂ ಅವರೇ ಒಪ್ಪಿಕೊಂಡರು.

ಈ 'ಅನೌಪಚಾರಿಕ' ಪದ್ಧತಿ ಹುಟ್ಟಿದ್ದೂ ದಯೆಯಿಂದಲೇ. 1950ರ ದಶಕದವರೆಗೆ ಬ್ರಿಟನ್ನಿನಲ್ಲಿ ಮಾನಸಿಕ ಆಸ್ಪತ್ರೆ ಸೇರುವುದೆಂದರೆ ಅಪರಾಧಿಯ ಮೇಲೆ ಮೊಹರು ಒತ್ತಿದ ಹಾಗಿತ್ತು. 1957ರಲ್ಲಿ ಪರ್ಸಿ ಆಯೋಗ ಆ ಕಳಂಕವನ್ನು ತೊಡೆಯಬೇಕೆಂದಿತು. ವಿರೋಧಿಸದ ರೋಗಿಯ ಮೇಲೆ ಬಲವಂತದ ಕಾನೂನನ್ನು ಯಾಕೆ ಹೇರಬೇಕು, ಬಾಯಿಬಿಟ್ಟು ಬೇಡ ಎನ್ನದಿದ್ದರೆ ಸಾಕು, ಸಾಮಾನ್ಯ ರೋಗಿಯಂತೆ ಸೇರಿಸಿಕೊಳ್ಳಿ ಎಂದು ಅದರ ಶಿಫಾರಸು. 1959ರ ಕಾಯ್ದೆ ಅದನ್ನು ಒಪ್ಪಿತು. ಮಾತು ಬರುವ, ಎದ್ದು ಹೋಗಬಲ್ಲ ಮನುಷ್ಯನಿಗೆ ಅದು ನಿಜಕ್ಕೂ ಬಿಡುಗಡೆ. 'ಬೇಡ' ಎಂಬ ಪದವೇ ಇಲ್ಲದವರಿಗೆ, ಮೂವತ್ತು ವರ್ಷ ಆಸ್ಪತ್ರೆಯಲ್ಲಿದ್ದು ಹೇಳಿದ ಕಡೆ ಹೋಗುವುದನ್ನೇ ಕಲಿತವರಿಗೆ, ಅದರ ಅರ್ಥ ಬೇರೆಯೇ ಆಯಿತು.

ಇ. ದಂಪತಿಗೆ ಭೇಟಿಗೆ ಬರಬೇಡಿ ಎಂದರು. ನಿಮ್ಮನ್ನು ನೋಡಿದರೆ ಅವರು ನಿಮ್ಮ ಜೊತೆ ಹೊರಟುಬಿಡಬಹುದು, ಇನ್ನೂ ಅದಕ್ಕೆ ಸಿದ್ಧರಾಗಿಲ್ಲ ಎಂಬುದು ಆಸ್ಪತ್ರೆಯ ವಿವರಣೆ. ಈ ಮಾತನ್ನು ಇನ್ನೊಮ್ಮೆ ಓದಿ. ಮನೆಯವರನ್ನು ನೋಡಿದರೆ ಹೊರಟುಹೋಗುತ್ತಾರೆ ಎಂಬುದು ಆಸ್ಪತ್ರೆಗೆ ಗೊತ್ತಿತ್ತು. ಹಾಗಿದ್ದೂ ಕಡತದಲ್ಲಿ ಅವರು ಸ್ವಂತ ಇಚ್ಛೆಗೆ ವಿರುದ್ಧವಾಗಿ ಇರಲಿಲ್ಲ.

ದಂಪತಿಗೆ ಕಾನೂನಿನ ಪ್ರಕಾರ ಯಾವ ಅಧಿಕಾರವೂ ಇರಲಿಲ್ಲ. ವಯಸ್ಕನೊಬ್ಬನ ಬಗ್ಗೆ ಮಾತಾಡಲು ಅವರು ತಂದೆ ತಾಯಿಯೂ ಅಲ್ಲ, ಆಗಿದ್ದರೂ ಇಂಗ್ಲೆಂಡಿನಲ್ಲಿ ಪ್ರಯೋಜನವಿರಲಿಲ್ಲ. ಕೊನೆಗೆ ಎಚ್.ಎಲ್. ಅವರ ಸೋದರಸಂಬಂಧಿಯೊಬ್ಬರು ನ್ಯಾಯಾಲಯದಲ್ಲಿ ಅವರ 'ನೆಕ್ಸ್ಟ್ ಫ್ರೆಂಡ್' ಆಗಿ ನಿಂತರು. ಅಕ್ಟೋಬರ್ 9ರಂದು ಹೈಕೋರ್ಟ್ ಅರ್ಜಿಯನ್ನು ತಳ್ಳಿಹಾಕಿತು. ಅದೇ ತಿಂಗಳ ಕೊನೆಗೆ ಮೇಲ್ಮನವಿ ನ್ಯಾಯಾಲಯ, ಇದು ಬಂಧನವೇ ಎಂದು ತೀರ್ಪು ಕೊಡುವ ಸೂಚನೆ ನೀಡಿತು. ಆಸ್ಪತ್ರೆ ತಕ್ಷಣ ಅವರನ್ನು 1983ರ ಕಾಯ್ದೆಯ ಅಡಿ ವಿಧಿವತ್ತಾಗಿ ಬಂಧಿಸಿತು. ಬಂಧನ ಎಂದು ಕರೆದ ಮೇಲೆ ಆದದ್ದೇನು ಗೊತ್ತೆ? ನವೆಂಬರ್ ಮೊದಲ ವಾರದಲ್ಲಿ ಇ. ದಂಪತಿ ಅವರನ್ನು ಜುಲೈ ನಂತರ ಮೊದಲ ಬಾರಿಗೆ ನೋಡಿದರು. ಡಿಸೆಂಬರ್ 5ಕ್ಕೆ ಅವರು ಮನೆಗೆ ಬಂದರು. 'ಸ್ವತಂತ್ರ'ರಾಗಿದ್ದಾಗ ಸಿಗದ ಬಾಗಿಲು ಬಂಧಿಯಾದ ಐದಾರು ವಾರದಲ್ಲಿ ತೆರೆಯಿತು, ಏಕೆಂದರೆ ಬಂಧಿಗೆ ಹಕ್ಕುಗಳಿದ್ದವು.

ಮೊಕದ್ದಮೆ ಅಲ್ಲಿಗೆ ನಿಲ್ಲಲಿಲ್ಲ. ಮೇಲ್ಮನವಿ ನ್ಯಾಯಾಲಯದ ತೀರ್ಪು ಆರೋಗ್ಯ ಇಲಾಖೆಯನ್ನು ಗಾಬರಿಗೊಳಿಸಿತ್ತು. ಹೀಗೇ ಒಪ್ಪಿಗೆ ಕೊಡಲಾಗದೆ, ಎದುರಾಡದೆ ಆಸ್ಪತ್ರೆಗಳಲ್ಲಿರುವವರು ಎಷ್ಟು ಮಂದಿ? ಮಾನಸಿಕ ಆರೋಗ್ಯ ಕಾಯ್ದೆಯ ಆಯೋಗದ ಅಂದಾಜಿನಲ್ಲಿ ಯಾವುದೇ ಒಂದು ದಿನ 22,000 ಜನ, ವರ್ಷಕ್ಕೆ 48,000 ದಾಖಲಾತಿ. ಆಸ್ಪತ್ರೆಯ ಟ್ರಸ್ಟ್ ಹೌಸ್ ಆಫ್ ಲಾರ್ಡ್ಸ್‌ಗೆ ಹೋಯಿತು. 1998ರ ಜೂನ್ 25ರಂದು ಐವರೂ ಆಸ್ಪತ್ರೆಯ ಪರವಾಗಿಯೇ ತೀರ್ಪಿತ್ತರು. 'ಅಗತ್ಯ' ಎಂಬ ಹಳೆಯ ಸಾಮಾನ್ಯ ಕಾನೂನಿನ ತತ್ವದ ಪ್ರಕಾರ ವೈದ್ಯರು ಮಾಡಿದ್ದು ಸರಿ ಎಂದರು. ಮೂವರ ಪ್ರಕಾರ ಅದು ಬಂಧನವೇ ಅಲ್ಲ, ವಾರ್ಡಿನ ಬಾಗಿಲಿಗೆ ಬೀಗ ಇರಲಿಲ್ಲವಲ್ಲ! ಇಬ್ಬರು ಒಪ್ಪಲಿಲ್ಲ. ಅವರಲ್ಲಿ ಒಬ್ಬರಾದ ಲಾರ್ಡ್ ಸ್ಟೇನ್, ಈ ಮನುಷ್ಯ ಬೇಕೆಂದಾಗ ಹೊರಡಬಹುದಿತ್ತು ಎಂಬುದು ಅಜ್ಜಿಕಥೆ ಎಂಬರ್ಥದಲ್ಲಿ ಬರೆದರು. ಎಚ್.ಎಲ್. ವಿರುದ್ಧದ ತೀರ್ಪಿಗೆ ಸಹಿ ಹಾಕುತ್ತಲೇ, ಕಾನೂನಿನಲ್ಲಿ ಸಮರ್ಥಿಸಲಾಗದ ಕಂದಕವೊಂದಿದೆ ಎಂದೂ ಎಚ್ಚರಿಸಿದರು. ಆ ಕಂದಕಕ್ಕೆ 'ಬೋರ್ನ್‌ವುಡ್ ಗ್ಯಾಪ್' ಎಂದೇ ಹೆಸರಾಯಿತು.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ಆ ನಾಲ್ಕೂವರೆ ತಿಂಗಳಲ್ಲಿ ಇ. ದಂಪತಿಗೆ ಬೇಕಿದ್ದದ್ದು, ಆಸ್ಪತ್ರೆಯವನೂ ಅಲ್ಲದ ಕೌನ್ಸಿಲ್‌ನವನೂ ಅಲ್ಲದ ಒಬ್ಬ ಮೂರನೆಯವನು ವಾರ್ಡಿನೊಳಗೆ ಹೋಗಿ ನೋಡಿಬರುವುದು. ಆ ಯೋಚನೆ ಆಗಲೇ ಮೂವತ್ತು ವರ್ಷ ಹಳೆಯದು.

ಅದು ಹುಟ್ಟಿದ್ದು ಅಮೆರಿಕದ ನೆಬ್ರಾಸ್ಕದಲ್ಲಿ. ಜರ್ಮನಿಯಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಮನಶ್ಶಾಸ್ತ್ರಜ್ಞ ವುಲ್ಫ್ ವುಲ್ಫೆನ್ಸ್‌ಬರ್ಗರ್ 1966ರ ಒಂದು ಸಮ್ಮೇಳನದಲ್ಲಿ ಅಂಗವಿಕಲ ಮಕ್ಕಳ ತಂದೆತಾಯಿಗಳು ಮತ್ತೆ ಮತ್ತೆ ಒಂದೇ ಪ್ರಶ್ನೆ ಕೇಳುವುದನ್ನು ಗಮನಿಸಿದರು: ನಾವಿಲ್ಲದ ಮೇಲೆ ಇವನ ಗತಿಯೇನು? ತಜ್ಞರ ಬಳಿ ಇದಕ್ಕಿದ್ದ ಉತ್ತರ ಒಂದೇ, ಒಳ್ಳೆಯ ಸಂಸ್ಥೆ. ವುಲ್ಫೆನ್ಸ್‌ಬರ್ಗರ್‌ಗೆ ಅದು ಉತ್ತರವೆನಿಸಲಿಲ್ಲ. ಸಂಸ್ಥೆ ಎಷ್ಟೇ ಒಳ್ಳೆಯದಿರಲಿ, ಅದಕ್ಕೆ ಬಜೆಟ್ ಇದೆ, ಸಿಬ್ಬಂದಿಯ ಪಾಳಿ ಇದೆ, ತನ್ನ ಹೆಸರು ಉಳಿಸಿಕೊಳ್ಳುವ ಚಿಂತೆ ಇದೆ. ಅವರು ಸೂಚಿಸಿದ್ದು ಬೇರೆ: ಒಬ್ಬ ಸಾಮಾನ್ಯ ನಾಗರಿಕ, ಸಂಬಳವಿಲ್ಲದವನು, ಒಬ್ಬನೇ ಒಬ್ಬ ವ್ಯಕ್ತಿಯ ಹಿತವನ್ನು ತನ್ನದೇ ಹಿತವೆಂಬಂತೆ ನೋಡುವವನು. 1970ರಲ್ಲಿ ಲಿಂಕನ್ ನಗರದಲ್ಲಿ ಮೊದಲ 'ಸಿಟಿಜನ್ ಅಡ್ವೊಕಸಿ' ಕಚೇರಿ ತೆರೆಯಿತು. 1980ರ ದಶಕದ ಆರಂಭದಲ್ಲಿ ಈ ವಿಚಾರ ಅಟ್ಲಾಂಟಿಕ್ ದಾಟಿ ಬ್ರಿಟನ್ನಿನ ದೊಡ್ಡ ಆಸ್ಪತ್ರೆಗಳಿಗೆ ಬಂತು. ಹಲವು ಸೇವಾಸಂಸ್ಥೆಗಳು ಕೂಡಿ ಕಟ್ಟಿದ 'ಅಡ್ವೊಕಸಿ ಅಲಯನ್ಸ್' ಸ್ವಯಂಸೇವಕರನ್ನು ವಾರ್ಡುಗಳಿಗೆ ಕಳಿಸತೊಡಗಿತು.

ಅಡ್ವೊಕೇಟ್ ಎಂದ ಕೂಡಲೇ ನಮಗೆ ಕರಿಕೋಟು ನೆನಪಾಗುತ್ತದೆ. ಇವರು ವಕೀಲರಲ್ಲ. 'ವಕಾಲತ್ತು' ಎಂಬ ನಮ್ಮ ಹಳೆಯ ಪದದ ಅರ್ಥ ಮಾತ್ರ ಇವರಿಗೆ ಸರಿಯಾಗಿ ಹೊಂದುತ್ತದೆ. ಇವರು ನಿರ್ಧಾರ ಮಾಡುವುದಿಲ್ಲ, ಯಾವುದು ಒಳ್ಳೆಯದು ಎಂದು ಹೇಳುವುದೂ ಇವರ ಕೆಲಸವಲ್ಲ. ಈ ವ್ಯಕ್ತಿಗೆ ಏನು ಬೇಕು ಎಂದು ಕಂಡುಹಿಡಿದು, ಅದನ್ನು ನಿರ್ಧಾರ ಮಾಡುವವರ ಮೇಜಿನ ಮೇಲಿಡುವುದು ಇವರ ಕೆಲಸ.

1986ರಲ್ಲಿ ಲೇಬರ್ ಸಂಸದ ಟಾಮ್ ಕ್ಲಾರ್ಕ್ ಮಂಡಿಸಿದ ಖಾಸಗಿ ಮಸೂದೆ ಕಾಯ್ದೆಯಾಯಿತು. ಅಂಗವಿಕಲರು ತಮ್ಮ ಪರವಾಗಿ ಮಾತಾಡುವ ಪ್ರತಿನಿಧಿಯನ್ನು ಹೊಂದುವ ಹಕ್ಕು ಅದರ ಮೊದಲ ಸೆಕ್ಷನ್‌ಗಳಲ್ಲೇ ಇತ್ತು. ಸಂಸತ್ತು ಒಪ್ಪಿತು, ರಾಣಿ ಸಹಿ ಹಾಕಿದರು. ಆದರೆ ಆ ಸೆಕ್ಷನ್‌ಗಳನ್ನು ಯಾವ ಸರಕಾರವೂ ಜಾರಿಗೆ ತರಲೇ ಇಲ್ಲ. ಅವು ಜಾರಿಯಲ್ಲಿದ್ದಿದ್ದರೆ ಹನ್ನೊಂದು ವರ್ಷದ ನಂತರ ಬೋರ್ನ್‌ವುಡ್‌ನ ವಾರ್ಡಿಗೆ ಯಾರಾದರೂ ಹೋಗಿರುತ್ತಿದ್ದರೋ ಏನೋ.

ಇದೇ ಹೊತ್ತಿಗೆ ಅಮೆರಿಕದಲ್ಲಿ ಇನ್ನೊಂದು ಬಗೆಯ ದನಿ ಕೇಳಿಬರುತ್ತಿತ್ತು. ಆಟಿಸಂ ಸಂಘಟನೆಗಳೆಂದರೆ ಅಲ್ಲಿಯವರೆಗೆ ಎಲ್ಲ ಕಡೆಯೂ ತಂದೆತಾಯಿಗಳ ಸಂಘಟನೆಗಳು. ಬ್ರಿಟನ್ನಿನ ಸೊಸೈಟಿಯನ್ನು 1962ರಲ್ಲಿ ಕಟ್ಟಿದವರು ಪೋಷಕರು, ದೆಹಲಿಯ ಆ್ಯಕ್ಷನ್ ಫಾರ್ ಆಟಿಸಂ ಅನ್ನು 1991ರಲ್ಲಿ ಕಟ್ಟಿದ ಮೆರ್ರಿ ಬರುವಾ ಒಬ್ಬ ತಾಯಿ. 1992ರಲ್ಲಿ ಜಿಮ್ ಸಿಂಕ್ಲೇರ್ ಮತ್ತು ಗೆಳೆಯರು 'ಆಟಿಸಂ ನೆಟ್‌ವರ್ಕ್ ಇಂಟರ್‌ನ್ಯಾಷನಲ್' ಆರಂಭಿಸಿದರು. ಅದನ್ನು ನಡೆಸಿದವರು ಸ್ವತಃ ಆಟಿಸಂ ಇರುವವರು. ಮರುವರ್ಷ ಟೊರಾಂಟೊದ ಸಮ್ಮೇಳನದಲ್ಲಿ ಸಿಂಕ್ಲೇರ್ ಪೋಷಕರನ್ನು ಉದ್ದೇಶಿಸಿ, ನಮಗಾಗಿ ಶೋಕಿಸಬೇಡಿ ಎಂಬ ತಮ್ಮ ಪ್ರಸಿದ್ಧ ಮಾತನ್ನಾಡಿದರು. ಪೋಷಕರಿಂದ ಬಂದ ಆಕ್ಷೇಪ ಇಂದಿಗೂ ಕೇಳಿಬರುತ್ತದೆ: ವೇದಿಕೆ ಹತ್ತಿ ಮಾತಾಡುವ ನೀವು ನಮ್ಮ ಮಗನ ಹಾಗಲ್ಲ, ಅವನ ಪರವಾಗಿ ನೀವು ಹೇಗೆ ಮಾತಾಡುತ್ತೀರಿ? ಸಿಂಕ್ಲೇರ್ ಹನ್ನೆರಡು ವರ್ಷದವರೆಗೆ ಮಾತಾಡಿರಲಿಲ್ಲ ಎಂಬುದು ಈ ಆಕ್ಷೇಪಕ್ಕೆ ಅರ್ಧ ಉತ್ತರ ಮಾತ್ರ. ಎಚ್.ಎಲ್. ಅಂಥವರು ಯಾವ ಸಂಘದ ಸದಸ್ಯರೂ ಆಗಲಾರರು. ಸಿಂಕ್ಲೇರ್ ಪೀಳಿಗೆ ಬದಲಿಸಿದ್ದು ಮತ್ತೊಂದನ್ನು. ತಲೆಗೆ ಗುದ್ದಿಕೊಳ್ಳುವುದು 'ವರ್ತನೆಯ ಸಮಸ್ಯೆ' ಮಾತ್ರವಲ್ಲ, ಏನನ್ನೋ ಹೇಳುತ್ತಿರುವುದೂ ಇರಬಹುದು ಎಂದು ಕೇಳುವವರ ಕಿವಿಯನ್ನು ತಿದ್ದಿದರು. 2007ರ ಜನವರಿಯಲ್ಲಿ ಮೆಲ್ ಬ್ಯಾಗ್ಸ್ ಎಂಬ, ಮಾತಾಡದೆ ಯಂತ್ರದಲ್ಲಿ ಟೈಪ್ ಮಾಡುತ್ತಿದ್ದ ಅಮೆರಿಕನ್ನರ ವಿಡಿಯೊ ಒಂದು ಲಕ್ಷಾಂತರ ಜನರನ್ನು ತಲುಪಿತು. ಕೈ ಆಡಿಸುವುದು, ಗುನುಗುವುದು, ನೀರಿನಲ್ಲಿ ಬೆರಳಾಡಿಸುವುದು ಇದೆಲ್ಲ ತನ್ನ ಭಾಷೆ, ನಿಮ್ಮ ಭಾಷೆಯಲ್ಲಿ ಬರೆದಾಗ ಮಾತ್ರ ನನ್ನನ್ನು ಮನುಷ್ಯಳೆಂದು ಎಣಿಸುತ್ತೀರಿ ಎಂಬುದು ಅದರ ತಿರುಳು.

ಬೋರ್ನ್‌ವುಡ್ ಪ್ರಕರಣ ಅಷ್ಟರಲ್ಲಿ ಸ್ಟ್ರಾಸ್‌ಬರ್ಗ್ ಮುಟ್ಟಿತ್ತು. 2004ರ ಅಕ್ಟೋಬರ್ 5ರಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಹೌಸ್ ಆಫ್ ಲಾರ್ಡ್ಸ್‌ಗೆ ವಿರುದ್ಧವಾಗಿ ತೀರ್ಪು ಕೊಟ್ಟಿತು. ಬಾಗಿಲಿಗೆ ಬೀಗ ಇತ್ತೋ ಇಲ್ಲವೋ ಎಂಬುದು ನಿರ್ಣಾಯಕವಲ್ಲ. ಅವರ ಮೇಲೆ ಸಿಬ್ಬಂದಿಯ ಪೂರ್ಣ, ನಿರಂತರ ಹಿಡಿತವಿತ್ತು, ಹೊರಡುವ ಸ್ವಾತಂತ್ರ್ಯವಿರಲಿಲ್ಲ, ಅಷ್ಟು ಸಾಕು. ತಾನಾಗಿ ಬಂಧನಕ್ಕೆ ಒಪ್ಪಿಸಿಕೊಂಡ ಮಾತ್ರಕ್ಕೆ ಒಬ್ಬ ವ್ಯಕ್ತಿಯ ಸ್ವಾತಂತ್ರ್ಯದ ರಕ್ಷಣೆ ಕಳೆದುಹೋಗುವುದಿಲ್ಲ, ಒಪ್ಪುವ ಅಥವಾ ಬೇಡ ಎನ್ನುವ ಸಾಮರ್ಥ್ಯವೇ ಇಲ್ಲದವರ ವಿಷಯದಲ್ಲಂತೂ ಇಲ್ಲವೇ ಇಲ್ಲ. ಬಲವಂತವಾಗಿ ಇಟ್ಟವರಿಗೆ ಕಾನೂನಿನ ಕಾವಲಿದೆ, ಸುಮ್ಮನಿದ್ದವರಿಗೆ ಏನೂ ಇಲ್ಲ ಎಂಬ ವೈಪರೀತ್ಯವನ್ನು ನ್ಯಾಯಾಲಯ ಎತ್ತಿ ತೋರಿಸಿತು. ಇದು ಮನಸ್ಸಿಗೆ ಬಂದಂತೆ ನಡೆಸಿದ ಬಂಧನ ಎಂದಿತು.

ಈಗ ಬ್ರಿಟನ್ ಕಾನೂನು ಬರೆಯಲೇಬೇಕಿತ್ತು. 2005ರ ಮೆಂಟಲ್ ಕೆಪ್ಯಾಸಿಟಿ ಕಾಯ್ದೆ ಆಗಲೇ ಸಂಸತ್ತಿನಲ್ಲಿತ್ತು. ಅದರಲ್ಲಿ ಮೊದಲ ಬಾರಿಗೆ 'ಸ್ವತಂತ್ರ ಅಡ್ವೊಕೇಟ್' ಶಾಸನಬದ್ಧ ಹುದ್ದೆಯಾಯಿತು. ಉದ್ದ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ಅವರನ್ನು 'ಇಮ್ಕಾ' ಎನ್ನುತ್ತಾರೆ. ಇಂಗ್ಲೆಂಡಿನಲ್ಲಿ 2007ರ ಏಪ್ರಿಲ್‌ನಿಂದ ಅವರ ಕೆಲಸ ಶುರು. ಸಾಮರ್ಥ್ಯವಿಲ್ಲದ ವ್ಯಕ್ತಿಗೆ ಗಂಭೀರ ಚಿಕಿತ್ಸೆ ಕೊಡುವಾಗ, 28 ದಿನಕ್ಕೂ ಹೆಚ್ಚು ಆಸ್ಪತ್ರೆಯಲ್ಲೋ ಎಂಟು ವಾರಕ್ಕೂ ಹೆಚ್ಚು ಕೇರ್ ಹೋಮ್‌ನಲ್ಲೋ ಇಡುವಾಗ, ಕೇಳಲು ಮನೆಯವರೋ ಗೆಳೆಯರೋ ಇಲ್ಲದಿದ್ದರೆ ಇಮ್ಕಾ ನೇಮಿಸಲೇಬೇಕು. ಹಣ ಪಡೆದು ಆರೈಕೆ ಮಾಡುವವರು ಈ 'ಮನೆಯವರು' ಲೆಕ್ಕಕ್ಕೆ ಬರುವುದಿಲ್ಲ. ಇಮ್ಕಾಗೆ ಆ ವ್ಯಕ್ತಿಯನ್ನು ಏಕಾಂತದಲ್ಲಿ ಭೇಟಿಯಾಗುವ, ಕಡತ ನೋಡುವ, ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳುವ, ಬೇರೆ ದಾರಿಗಳಿಲ್ಲವೇ ಎಂದು ಪ್ರಶ್ನಿಸುವ ಅಧಿಕಾರವಿದೆ. ನಿರ್ಧಾರ ಮಾಡುವವರು ಅವರ ವರದಿಯನ್ನು ಗಣನೆಗೆ ತೆಗೆದುಕೊಳ್ಳಬೇಕು, ಒಪ್ಪಲೇಬೇಕೆಂದಿಲ್ಲ. ಬೋರ್ನ್‌ವುಡ್ ಕಂದಕವನ್ನು ಮುಚ್ಚುವ ಬಂಧನ-ರಕ್ಷಣೆಯ ನಿಯಮಗಳು 2009ರ ಏಪ್ರಿಲ್‌ನಲ್ಲಿ ಇದಕ್ಕೆ ಸೇರಿದವು.

ಕಾಗದದ ಮೇಲೆ ಇದೆಲ್ಲ ಬಂದ ಎಂಟೇ ತಿಂಗಳಲ್ಲಿ ಸ್ಟೀವನ್ ನಿಯರಿ ಪ್ರಕರಣ ನಡೆಯಿತು. ಪಶ್ಚಿಮ ಲಂಡನ್ನಿನ ಹಿಲಿಂಗ್ಡನ್‌ನಲ್ಲಿ ತಂದೆ ಮಾರ್ಕ್ ಜೊತೆಗಿದ್ದ, ಆಟಿಸಂ ಇರುವ ಇಪ್ಪತ್ತರ ಹರೆಯದ ಯುವಕ. 2009ರ ಡಿಸೆಂಬರ್ ಕೊನೆಗೆ ತಂದೆಗೆ ಜ್ವರ ಬಂತು. ಎರಡು ಮೂರು ದಿನ ಮಗನನ್ನು ನೋಡಿಕೊಳ್ಳಿ ಎಂದು ಕೌನ್ಸಿಲ್‌ನ ತಂಗುಮನೆಗೆ ಬಿಟ್ಟರು. ಕೌನ್ಸಿಲ್ ಅವರನ್ನು ಅಲ್ಲಿಂದ ವರ್ತನೆ ತಿದ್ದುವ ಘಟಕವೊಂದಕ್ಕೆ ಸಾಗಿಸಿತು, ವಾಪಸು ಕಳಿಸಲಿಲ್ಲ. ಸ್ಟೀವನ್ ಮಾತಾಡಬಲ್ಲರು, ಮನೆಗೆ ಹೋಗಬೇಕು ಎಂದು ಹೇಳುತ್ತಲೂ ಇದ್ದರು. ಏಪ್ರಿಲ್‌ನಿಂದ ಕೌನ್ಸಿಲ್ ಹೊಸ ನಿಯಮಗಳ ಅಡಿ ತಾನೇ ತನಗೆ ಬಂಧನದ ಅನುಮತಿ ಕೊಟ್ಟುಕೊಳ್ಳುತ್ತ ಹೋಯಿತು. ರಕ್ಷಣೆಗೆಂದು ಮಾಡಿದ ಫಾರಂ ಬೀಗವಾಯಿತು.

ಇಮ್ಕಾ ಬಂದದ್ದು ಅಕ್ಟೋಬರ್ ಕೊನೆಗೆ. ನವೆಂಬರ್‌ನಲ್ಲಿ ಅವರು ಬರೆದ ವರದಿ ಒಂದು ಸರಳ ಕೆಲಸ ಮಾಡಿತು. ಮನೆಯಲ್ಲಿದ್ದರೆ ಆಗುವ ಒಳಿತು ಕೆಡುಕು, ಘಟಕದಲ್ಲಿದ್ದರೆ ಆಗುವ ಒಳಿತು ಕೆಡುಕು, ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ತೂಗಿತು. ಅಲ್ಲಿಯವರೆಗೆ ಹನ್ನೊಂದು ತಿಂಗಳಲ್ಲಿ ಯಾವ ತಜ್ಞರೂ ಅದನ್ನು ಮಾಡಿರಲಿಲ್ಲ. ಘಟಕದಲ್ಲಿ ಹೇಗೆ ನಡೆಯುತ್ತಿದೆ ಎಂದು ಮಾತ್ರ ಬರೆಯುತ್ತಿದ್ದರು, ಮನೆ ಎಂಬ ಆಯ್ಕೆ ಯಾರ ಕಾಗದದಲ್ಲೂ ಇರಲಿಲ್ಲ. ಡಿಸೆಂಬರ್ 23ರಂದು ನ್ಯಾಯಾಲಯದ ಆದೇಶದ ಮೇಲೆ ಸ್ಟೀವನ್ ಮನೆಗೆ ಬಂದರು. ಮೂರು ದಿನಕ್ಕೆಂದು ಹೋದವರು 358 ದಿನ ಇದ್ದರು.

2011ರ ಜೂನ್ 9ರಂದು ನ್ಯಾಯಮೂರ್ತಿ ಪೀಟರ್ ಜಾಕ್ಸನ್ ಕೊಟ್ಟ ತೀರ್ಪನ್ನು ಈ ವಿಷಯದಲ್ಲಿ ಆಸಕ್ತಿಯಿರುವ ಎಲ್ಲರೂ ಓದಬೇಕು. ಸ್ಥಳೀಯ ಆಡಳಿತ ತನ್ನ ಹಟ ಸಾಧಿಸಲು ಈ ಕಾನೂನನ್ನು ಬಳಸುವಂತಿಲ್ಲ, ಮನಸ್ತಾಪವಿದ್ದಾಗ ನ್ಯಾಯಾಲಯಕ್ಕೆ ಹೋಗಬೇಕಾದ ಹೊಣೆ ಅದರದೇ, ಬಡ ತಂದೆಯದಲ್ಲ ಎಂಬರ್ಥದಲ್ಲಿ ಅವರು ಬರೆದರು. ಕೊರತೆಗಳನ್ನೇ ಹತ್ತಿರದಿಂದ ನೋಡುತ್ತ ಹೋದರೆ, ತಂದೆಯ ಜೊತೆ ಮನೆಯಲ್ಲಿರುವ ದೊಡ್ಡ ಸಂಗತಿ ಕಣ್ಣಿಗೇ ಬೀಳದೆ ಹೋಗಬಹುದು ಎಂಬುದೂ ಅವರ ಎಚ್ಚರಿಕೆ. ಅಡ್ವೊಕೇಟನ್ನು ತಡವಾಗಿ ನೇಮಿಸಿದ್ದನ್ನು ಹಕ್ಕಿನ ಉಲ್ಲಂಘನೆಯ ಕಾರಣಗಳಲ್ಲಿ ಒಂದಾಗಿ ಎಣಿಸಿದರು. ಮುಂದೆ ಕೌನ್ಸಿಲ್ 35,000 ಪೌಂಡ್ ಪರಿಹಾರ ಕೊಟ್ಟಿತು.

ಆ ತೀರ್ಪಿಗೆ ಒಂಬತ್ತೇ ದಿನ ಮೊದಲು, ಮೇ 31ರಂದು, ಬಿಬಿಸಿ ಬ್ರಿಸ್ಟಲ್ ಬಳಿಯ ವಿಂಟರ್‌ಬೋರ್ನ್ ವ್ಯೂ ಎಂಬ ಖಾಸಗಿ ಆಸ್ಪತ್ರೆಯೊಳಗಿನ ಗುಪ್ತ ಚಿತ್ರಣವನ್ನು ಪ್ರಸಾರ ಮಾಡಿತ್ತು. ಬುದ್ಧಿಮಾಂದ್ಯತೆ, ಆಟಿಸಂ ಇರುವವರನ್ನು ಸಿಬ್ಬಂದಿ ಹೊಡೆಯುವುದು, ಬಟ್ಟೆ ಸಮೇತ ತಣ್ಣೀರಿಗೆ ನೂಕುವುದು ಅದರಲ್ಲಿತ್ತು. ಅಲ್ಲಿ ಒಬ್ಬೊಬ್ಬರಿಗೆ ಸರಕಾರ ವಾರಕ್ಕೆ ಸುಮಾರು 3,500 ಪೌಂಡ್ ತೆರುತ್ತಿತ್ತು. ಹನ್ನೊಂದು ಮಂದಿಗೆ ಶಿಕ್ಷೆಯಾಯಿತು. ಬೋರ್ನ್‌ವುಡ್‌ನಲ್ಲಿ ಕೆಟ್ಟವರಿರಲಿಲ್ಲ, ಇಲ್ಲಿದ್ದರು. ಆದರೆ ಎರಡೂ ಕಡೆ ಮನೆಯವರನ್ನು ವಾರ್ಡಿನಿಂದ ದೂರ ಇಟ್ಟಿದ್ದರು. ವಿಂಟರ್‌ಬೋರ್ನ್‌ನಲ್ಲಿ ಭೇಟಿಗೆ ಬಂದವರಿಗೆ ಮಕ್ಕಳು ಮಲಗುವ ಕೋಣೆಯನ್ನು ನೋಡಲು ಬಿಡುತ್ತಿರಲಿಲ್ಲ.

ಈ ಇತಿಹಾಸವನ್ನು ಗೆಲುವಿನ ಕಥೆಯಾಗಿ ಹೇಳಲು ನನಗೆ ಮನಸ್ಸು ಬರುವುದಿಲ್ಲ. ಇಮ್ಕಾಗಳು ಬೇರೆ ಬೇರೆ ಸೇವಾಸಂಸ್ಥೆಗಳ ನೌಕರರು, ಆದರೆ ಆ ಸಂಸ್ಥೆಗಳಿಗೆ ಗುತ್ತಿಗೆ ಕೊಟ್ಟು ಹಣ ಕೊಡುವುದು ಸ್ಥಳೀಯ ಕೌನ್ಸಿಲ್. ಯಾರನ್ನು ಪ್ರಶ್ನಿಸಬೇಕೋ ಅವರೇ ಗುತ್ತಿಗೆಯನ್ನು ನವೀಕರಿಸಬೇಕು. ವುಲ್ಫೆನ್ಸ್‌ಬರ್ಗರ್ ಸಂಬಳವಿಲ್ಲದ ನಾಗರಿಕನನ್ನು ಕೇಳಿದ್ದು ಇದೇ ಕಾರಣಕ್ಕೆ. ಹಾಗೆಂದು ಸ್ವಯಂಸೇವಕರನ್ನೇ ನಂಬಿ ಕೂತಿದ್ದರೆ ಹಿಲಿಂಗ್ಡನ್‌ನ ಕಡತ ತೆರೆಸುವ ಅಧಿಕಾರ ಯಾರಿಗೆ ಇರುತ್ತಿತ್ತು? ಈ ಗಂಟನ್ನು ಯಾವ ದೇಶವೂ ಬಿಡಿಸಿಲ್ಲ. 2014ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟಿನ ಲೇಡಿ ಹೇಲ್, ಪಂಜರ ಚಿನ್ನದ್ದಾದರೂ ಪಂಜರವೇ ಎನ್ನುತ್ತ ಬಂಧನದ ವ್ಯಾಖ್ಯೆಯನ್ನು ವಿಸ್ತರಿಸಿದರು. ವರ್ಷಕ್ಕೆ ಹದಿಮೂರು ಹದಿನಾಲ್ಕು ಸಾವಿರದಷ್ಟಿದ್ದ ಅರ್ಜಿಗಳು ಮರುವರ್ಷವೇ 1,37,000 ದಾಟಿದವು, ಪರಿಶೀಲನೆ ಬಾಕಿ ಬಿತ್ತು. 2019ರಲ್ಲಿ ಹೊಸ ವ್ಯವಸ್ಥೆಗೆ ಕಾನೂನು ಮಾಡಿ, 2023ರ ಏಪ್ರಿಲ್‌ನಲ್ಲಿ ಅದನ್ನು ಮುಂದೂಡಿದರು. 2019ರ ಸಂಸದೀಯ ಸಮಿತಿಯೊಂದು ಲೆಕ್ಕ ನೋಡಿದಾಗ ಆಟಿಸಂ ಅಥವಾ ಬುದ್ಧಿಮಾಂದ್ಯತೆ ಇರುವ 2,000ಕ್ಕೂ ಹೆಚ್ಚು ಜನ ಇಂಗ್ಲೆಂಡಿನ ಮಾನಸಿಕ ಆಸ್ಪತ್ರೆಗಳಲ್ಲಿದ್ದರು.

ನಮ್ಮಲ್ಲಿ ಅದೇ ಹಳೆಯ ಪ್ರಶ್ನೆಗೆ, ಅಂದರೆ ನಾವಿಲ್ಲದ ಮೇಲೆ ಏನು ಎಂಬುದಕ್ಕೆ, ಸಂಸತ್ತು 1999ರಲ್ಲಿ ಬೇರೆಯೇ ಉತ್ತರ ಕೊಟ್ಟಿತು. ಅದು ನ್ಯಾಷನಲ್ ಟ್ರಸ್ಟ್ ಕಾಯ್ದೆ. 1995ರ ಅಂಗವಿಕಲರ ಕಾಯ್ದೆಯ ಪಟ್ಟಿಯಲ್ಲಿ ಆಟಿಸಂ ಇರಲೇ ಇಲ್ಲ. ಭಾರತದ ಕಾನೂನಿನಲ್ಲಿ ಅದಕ್ಕೆ ಜಾಗ ಸಿಕ್ಕಿದ್ದೇ ಈ ಕಾಯ್ದೆಯ ಹೆಸರಿನಲ್ಲಿ. ಮಗ ಅಥವಾ ಮಗಳಿಗೆ ಹದಿನೆಂಟು ತುಂಬಿದ ಮೇಲೆ ಪೋಷಕರು ಜಿಲ್ಲೆಯ ಲೋಕಲ್ ಲೆವೆಲ್ ಕಮಿಟಿಗೆ ಅರ್ಜಿ ಹಾಕಿ ಕಾನೂನುಬದ್ಧ ಗಾರ್ಡಿಯನ್ ಆಗಬಹುದು. ಜಿಲ್ಲಾಧಿಕಾರಿ, ನೋಂದಾಯಿತ ಸಂಸ್ಥೆಯ ಒಬ್ಬರು, ಅಂಗವಿಕಲರೊಬ್ಬರು ಆ ಕಮಿಟಿಯಲ್ಲಿರುತ್ತಾರೆ. ಪುಣೆ, ಹೈದರಾಬಾದು, ಚೆನ್ನೈಗಳಲ್ಲಿರುವ ನಮ್ಮ ಓದುಗರಲ್ಲಿ ಕೆಲವರು ಈ ಫಾರಂ ತುಂಬಿರಬಹುದು. ಬ್ಯಾಂಕಿನವರು ಕೇಳಿದಾಗಲೇ ಅನೇಕರಿಗೆ ಇದರ ನೆನಪಾಗುವುದು.

ನಮ್ಮ ಕಾನೂನು ನಂಬಿದ್ದು ಕುಟುಂಬವನ್ನು, ಮತ್ತು ನಮ್ಮ ಪರಿಸ್ಥಿತಿಯಲ್ಲಿ ಅದು ತಪ್ಪೆಂದು ಹೇಳಲಾರೆ. ಇ. ದಂಪತಿಯೂ ಮಾರ್ಕ್ ನಿಯರಿಯೂ ಇಲ್ಲದಿದ್ದರೆ ಇಂಗ್ಲೆಂಡಿನ ಕಾನೂನೂ ಅಲ್ಲಾಡುತ್ತಿರಲಿಲ್ಲ. ಆದರೆ ಕುಟುಂಬಕ್ಕೂ ದಣಿವಿದೆ, ಆಸ್ತಿಯಿದೆ, ಅಣ್ಣತಮ್ಮಂದಿರ ನಡುವಿನ ಲೆಕ್ಕವಿದೆ. ನ್ಯಾಷನಲ್ ಟ್ರಸ್ಟ್ ಕಾಯ್ದೆಯ 16ನೇ ಸೆಕ್ಷನ್ ಗಾರ್ಡಿಯನ್‌ನಿಂದ ಆರು ತಿಂಗಳೊಳಗೆ ಸ್ಥಿರ, ಚರಾಸ್ತಿಗಳ ಪಟ್ಟಿಯನ್ನೂ, ಪ್ರತಿವರ್ಷ ಅದರ ಲೆಕ್ಕವನ್ನೂ ಕೇಳುತ್ತದೆ. ಆ ವ್ಯಕ್ತಿ ಎಲ್ಲಿ, ಯಾರ ಜೊತೆ ಇರಲು ಬಯಸುತ್ತಾರೆ ಎಂಬ ವರದಿಯನ್ನು ಕೇಳುವುದಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಆಟಿಸಂ ಅನ್ನು 21 ಅಂಗವೈಕಲ್ಯಗಳ ಪಟ್ಟಿಗೆ ಸೇರಿಸಿತು. ಗಾರ್ಡಿಯನ್ ಒಬ್ಬನೇ ತೀರ್ಮಾನಿಸುವ ಬದಲು ವ್ಯಕ್ತಿಯ ಜೊತೆ ಸೇರಿ ತೀರ್ಮಾನಿಸುವ 'ಸೀಮಿತ ಗಾರ್ಡಿಯನ್‌ಷಿಪ್' ಎಂಬುದನ್ನೂ ತಂದಿತು. ಆದರೆ ಆ ವ್ಯಕ್ತಿಯನ್ನು ಏಕಾಂತದಲ್ಲಿ ಕಂಡು ಬರುವ ಮೂರನೆಯವರ ಹುದ್ದೆ ಎರಡೂ ಕಾಯ್ದೆಗಳಲ್ಲಿ ಇಲ್ಲ.

ಅಂಥ ಹುದ್ದೆ ನಾಳೆ ಬಂದರೆ ಹೊರನಾಡ ಕನ್ನಡಿಗರ ಮನೆಗಳಲ್ಲಿ ಒಂದು ಸಣ್ಣ ತೊಡಕು ಕಾದಿದೆ. ಮಗುವಿಗೆ ಆಟಿಸಂ ಎಂದು ಗೊತ್ತಾದಾಗ, ಒಂದೇ ಭಾಷೆ ಸಾಕು, ಶಾಲೆಯದನ್ನೇ ಮಾತಾಡಿ ಎಂಬ ಸಲಹೆ ಎಷ್ಟೋ ಮನೆಗಳಿಗೆ ಸಿಗುತ್ತದೆ. ಎರಡು ಭಾಷೆ ಕೇಳಿದರೆ ಆಟಿಸಂ ಇರುವ ಮಕ್ಕಳ ಮಾತು ಹಿಂದೆ ಬೀಳುತ್ತದೆ ಎಂಬುದಕ್ಕೆ ಅಧ್ಯಯನಗಳ ಬೆಂಬಲವಿಲ್ಲ. ಹೀಗೆ ಅಮ್ಮನ ಕನ್ನಡ ಮಗುವಿನ ಕಿವಿಯಿಂದ ಹೊರಬೀಳುತ್ತದೆ, ಅಥವಾ ಸಲಹೆಯನ್ನು ಮೀರಿ ಅಡುಗೆಮನೆಯಲ್ಲಿ ಉಳಿದುಕೊಳ್ಳುತ್ತದೆ. ಮೂವತ್ತು ವರ್ಷದ ನಂತರ ಆ ಮನುಷ್ಯನ 'ಬೇಡ' ಒಂದು ತಲೆಯಾಟದಲ್ಲೋ, ಅಮ್ಮ ಮಾತ್ರ ಬಳಸುತ್ತಿದ್ದ 'ಸಾಕು' ಎಂಬ ಪದದಲ್ಲೋ ಇರುತ್ತದೆ. ಕಮಿಟಿ ಕಳಿಸಿದವರಿಗೆ ಮರಾಠಿ, ಹಿಂದಿ, ತೆಲುಗು ಬರುತ್ತದೆ. ಕೆಲವು ಪೋಷಕರು ಈಗಲೇ ಒಂದು ನೋಟ್‌ಬುಕ್ ಬರೆದಿಡುತ್ತಾರೆ: ಯಾವ ಸದ್ದಿಗೆ ಏನರ್ಥ, ಯಾವ ತಟ್ಟೆ ಬೇಕು, ಯಾವ ಪದ ಹೇಳಿದರೆ ನಿಲ್ಲಿಸಬೇಕು, ಯಾರನ್ನು ಕಂಡರೆ ಬಾಗಿಲ ಕಡೆ ನಡೆಯುತ್ತಾನೆ. ಬೋರ್ನ್‌ವುಡ್‌ನ ವೈದ್ಯರಿಗೆ ಈ ಕೊನೆಯದು ಗೊತ್ತಿತ್ತು. ಅದನ್ನು ಇಚ್ಛೆ ಎಂದು ಬರೆದುಕೊಳ್ಳಲು ಅವರ ಫಾರಂನಲ್ಲಿ ಜಾಗ ಇರಲಿಲ್ಲ.